ಮೊದಲ ಮಹಡಿಯಲ್ಲಿ ಆರಡಿ ಅಕ್ವೇರಿಯಂ: ಗಾಜಿಗೆ ಮುಂಗಡ ಕೊಡುವ ಮುಂಚೆ

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ 2009ರಲ್ಲಿ ಕಟ್ಟಿದ ಮನೆ. ಮೊದಲ ಮಹಡಿಯಲ್ಲಿ 12×14 ಅಡಿಯ ಒಂದು ಕೋಣೆ ಖಾಲಿ ಇದೆ. ಅಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2.5 ಅಡಿ ಎತ್ತರದ ಅಕ್ವೇರಿಯಂ ಮಾಡಿಸಬೇಕು ಅಂತ ಬಹಳ ವರ್ಷದ ಆಸೆ. ಅಳತೆ ಕೊಟ್ಟರೆ ಹದಿನೈದು ದಿನದಲ್ಲಿ ತಂದುಕೊಡುತ್ತೇವೆ ಎಂದು ಟ್ಯಾಂಕ್ ಮಾಡುವವರು ಹೇಳಿದ್ದಾರೆ. ನೆಲ ಇಷ್ಟು ಭಾರ ತಡೆಯುತ್ತಾ? ಟ್ಯಾಂಕ್ ಬರುವ ಮುಂಚೆ ಕೋಣೆಯಲ್ಲಿ ಏನೇನು ಕೆಲಸ ಮುಗಿಸಿರಬೇಕು? ಕೋಣೆಯ ಪಶ್ಚಿಮ ಗೋಡೆಯ ಆಚೆ ಬಾತ್‌ರೂಮ್ ಇದೆ. ಅಮ್ಮ ಮಾತ್ರ ಈಶಾನ್ಯ ಮೂಲೆಯಲ್ಲೇ ಇಡಬೇಕು ಎನ್ನುತ್ತಾರೆ.

ಉತ್ತರ: ಟ್ಯಾಂಕ್ ಬರುವ ಮುಂಚೆಯೇ ಕೇಳಿದ್ದೀರಲ್ಲ, ಅದಕ್ಕೆ ಖುಷಿಯಾಯಿತು. ನನ್ನ ಹತ್ತಿರ ಬರುವ ಜಾಸ್ತಿ ಜನ ಟ್ಯಾಂಕ್ ಬಂದು, ನೀರು ತುಂಬಿ, ಟೈಲ್ಸ್ ಬಿರುಕು ಬಿಟ್ಟ ಮೇಲೆ ಕೇಳುತ್ತಾರೆ. ಆಗ ನಾನು ಹೇಳಬಹುದಾದದ್ದು ಬಹಳ ಕಡಿಮೆ.

ಮೊದಲನೇ ಮಾತು. ಗಾಜಿಗೆ ಈಗಲೇ ಮುಂಗಡ ಕೊಡಬೇಡಿ. ಟ್ಯಾಂಕಿನ ಅಳತೆ, ಪೈಪಿಗೆ ತೂತು ಎಲ್ಲಿ, ಸ್ಟ್ಯಾಂಡ್ ಎತ್ತರ ಎಷ್ಟು, ಇದೆಲ್ಲ ಕೋಣೆ ನೋಡಿ ತೀರ್ಮಾನವಾಗಬೇಕು. ಕೋಣೆಯಲ್ಲಿ ನೋಡಬೇಕಾದದ್ದು ಎರಡೇ ದಾರಿ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ? ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಈ ಎರಡು ದಾರಿ ಸರಿಯಾದರೆ ಉಳಿದದ್ದು ಸುಲಭ.

ಭಾರದ ಲೆಕ್ಕ ಕೂತು ಹಾಕೋಣ. 6×2×2.5 ಅಂದರೆ 30 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಲ್ಲಿಗೆ 850 ಲೀಟರ್ ಹತ್ತಿರ. ಮೇಲೆ ಎರಡು ಇಂಚು ಖಾಲಿ ಬಿಟ್ಟು, ಮರಳು ಕಲ್ಲು ಹಿಡಿಯುವ ಜಾಗ ಕಳೆದರೆ ನೀರೇ 730 ಕೆಜಿ. ಈ ಎತ್ತರಕ್ಕೆ 15 ಮಿಮೀ ಗಾಜು ಹಾಕುತ್ತಾರೆ. ಗಾಜು ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. ಐದೂ ಹಲಗೆ ಸೇರಿ 180 ಕೆಜಿ. ಎರಡು ಇಂಚು ಮರಳು ಹಾಸಿದರೆ 85, ಕಲ್ಲು ಮರದ ತುಂಡು 60, ಕಬ್ಬಿಣದ ಸ್ಟ್ಯಾಂಡ್ ಮತ್ತು ಪ್ಲೈವುಡ್ 110, ಕೆಳಗೆ ಫಿಲ್ಟರ್ ಸಂಪ್ (ನೀರು ಸೋಸುವ ಸಣ್ಣ ತೊಟ್ಟಿ) ಇಟ್ಟರೆ ಅದರ ನೀರೂ ಸೇರಿ 140. ಒಟ್ಟು 1,300 ಕೆಜಿ ದಾಟುತ್ತದೆ. ಹನ್ನೆರಡು ಚದರ ಅಡಿ ಜಾಗದಲ್ಲಿ ಇಪ್ಪತ್ತು ಜನ ಒತ್ತೊತ್ತಾಗಿ ನಿಂತ ಹಾಗೆ. ಅದೂ ಹಗಲು ರಾತ್ರಿ, ವರ್ಷಗಟ್ಟಲೆ.

ನಮ್ಮಲ್ಲಿ ವಾಸದ ಮನೆಯ ಕೋಣೆಗಳನ್ನು ಕಟ್ಟಡದ ಭಾರಗಳ ಭಾರತೀಯ ಮಾನದಂಡವಾದ ಐಎಸ್ 875ರ ಎರಡನೇ ಭಾಗದ ಪ್ರಕಾರ ಚದರ ಮೀಟರಿಗೆ ಸುಮಾರು 200 ಕೆಜಿ ಬಳಕೆಯ ಭಾರಕ್ಕೆ ಡಿಸೈನ್ ಮಾಡುತ್ತಾರೆ. ಅಡಿ ಲೆಕ್ಕದಲ್ಲಿ ಒಂದು ಚದರ ಅಡಿಗೆ 19 ಕೆಜಿ ಆಸುಪಾಸು. ನಿಮ್ಮ ಟ್ಯಾಂಕ್ ತನ್ನ ಕೆಳಗಿನ ಒಂದೊಂದು ಚದರ ಅಡಿಗೂ 108 ಕೆಜಿ ಹೊರಿಸುತ್ತದೆ. ಐದು ಪಟ್ಟಿಗೂ ಜಾಸ್ತಿ ಆಯಿತು ಅಲ್ವಾ? ಹಾಗಾದರೆ ಸ್ಲ್ಯಾಬ್ ಕುಸಿಯುತ್ತದೆಯೇ? ಅಷ್ಟು ನೇರವಾಗಿ ಹೇಳಲು ಬರುವುದಿಲ್ಲ. ಆ 19 ಕೆಜಿ ಇಡೀ ಕೋಣೆಗೆ ಹರಡಿದ ಲೆಕ್ಕ. ನಿಮ್ಮ 168 ಚದರ ಅಡಿಯ ಕೋಣೆಗೆ ಒಟ್ಟು ಮೂರು ಟನ್ ದಾಟುತ್ತದೆ. ಆದ್ದರಿಂದಲೇ ಇಂಥ ಟ್ಯಾಂಕ್ ಇಟ್ಟ ಎಷ್ಟೋ ಮನೆಗಳು ನಿಂತಿವೆ. ಆದರೆ ಮೂರು ಟನ್ ಹರಡಿ ಕೂರುವುದು ಬೇರೆ, ಒಂದೂಕಾಲು ಟನ್ ಒಂದೇ ಕಡೆ ಕೂರುವುದು ಬೇರೆ. ಕಾಂಕ್ರೀಟಿಗೆ ಇನ್ನೊಂದು ಗುಣ ಇದೆ. ಬಂದು ಹೋಗುವ ಭಾರಕ್ಕೆ ಅದು ಬಗ್ಗಿ ಮತ್ತೆ ನೇರವಾಗುತ್ತದೆ. ಸದಾ ಕೂತ ಭಾರಕ್ಕೆ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಜಗ್ಗುತ್ತಾ ಹೋಗುತ್ತದೆ. ಮೊದಲ ದಿನ ಏನೂ ಆಗಲಿಲ್ಲ ಅಂದರೆ ಎಲ್ಲ ಸರಿ ಇದೆ ಎಂದು ಅರ್ಥವಲ್ಲ.

ಹಾಗಾಗಿ ಎಲ್ಲಿ ಇಡುತ್ತೀರಿ ಎಂಬುದು ಎಷ್ಟು ಭಾರ ಎಂಬುದರಷ್ಟೇ ಮುಖ್ಯ. ಒಂದು ಹಲಗೆಯನ್ನು ಎರಡು ಇಟ್ಟಿಗೆ ಮೇಲಿಟ್ಟು ನಡುವೆ ಕಾಲಿಟ್ಟು ನೋಡಿ, ಬಗ್ಗುತ್ತದೆ. ಇಟ್ಟಿಗೆಯ ಪಕ್ಕದಲ್ಲೇ ಕಾಲಿಡಿ, ಅಲುಗುವುದಿಲ್ಲ. ಸ್ಲ್ಯಾಬ್ ಕೂಡ ಹಾಗೆಯೇ. ಕೋಣೆಯ ನಡುವೆ ಇಡಲೇಬಾರದು. ಕೆಳಗೆ ಬೀಮ್ ಇರುವ ಗೋಡೆಗೆ ಉದ್ದಕ್ಕೆ ಒರಗಿಸಿದ ಹಾಗೆ ಇಡಬೇಕು. ಆಗ ಭಾರ ಸ್ಲ್ಯಾಬನ್ನು ಬಗ್ಗಿಸುವ ಬದಲು ಹೆಚ್ಚು ಕಡಿಮೆ ನೇರವಾಗಿ ಬೀಮಿಗೆ, ಬೀಮಿನಿಂದ ಪಿಲ್ಲರಿಗೆ ಇಳಿಯುತ್ತದೆ.

ಇಲ್ಲಿ ಬಹಳ ಜನ ಮೋಸ ಹೋಗುವುದು ಗೋಡೆ ನೋಡಿ. ಗೋಡೆ ಇದ್ದಲ್ಲೆಲ್ಲ ಕೆಳಗೆ ಬೀಮ್ ಇರುತ್ತದೆ ಅಂದುಕೊಳ್ಳುತ್ತಾರೆ. ಪಿಲ್ಲರ್ ಮನೆಯಲ್ಲಿ ನಾಲ್ಕೂವರೆ ಇಂಚಿನ ಗೋಡೆ ಬರೀ ಮರೆ ಅಷ್ಟೆ. ಅದರ ಕೆಳಗೆ ಬೀಮ್ ಇರಬಹುದು, ಇಲ್ಲದೆಯೂ ಇರಬಹುದು. ನೀವು ಕೆಳಗಿನ ಮನೆಗೆ ಹೋಗಿ, ಈ ಕೋಣೆಯ ಕೆಳಗಿನ ಚಾವಣಿ ನೋಡಿ. ಬೀಮ್ ಕೆಳಕ್ಕೆ ಇಳಿದು ಕಾಣುತ್ತದೆಯೇ? ಫಾಲ್ಸ್ ಸೀಲಿಂಗ್ ಮುಚ್ಚಿದ್ದರೆ ಮನೆ ಕಟ್ಟಿದಾಗಿನ ಸ್ಟ್ರಕ್ಚರಲ್ ಡ್ರಾಯಿಂಗ್ ಹುಡುಕಿ. 2009ರ ಮನೆ ಎಂದರೆ ಯಾವುದೋ ಬೀರುವಿನಲ್ಲಿ ಸುತ್ತಿಟ್ಟಿರುವ ಸಾಧ್ಯತೆ ಇದೆ. ಅದನ್ನು ಹಿಡಿದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ನಾನು ಹೇಳುತ್ತಿರುವ ಯಾವ ಲೆಕ್ಕವೂ ಅವರು ಕಣ್ಣಾರೆ ನೋಡಿ ಕೊಡುವ ಮಾತಿಗೆ ಬದಲಿಯಲ್ಲ. ಟ್ಯಾಂಕಿಗೆ ಲಕ್ಷದ ಮೇಲೆ ಖರ್ಚು ಮಾಡುವವರು ಎಂಜಿನಿಯರ್ ಫೀಸ್ ಉಳಿಸಲು ನೋಡುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಕೆಳಗಿನ ಕೋಣೆಯಲ್ಲಿ ನಿಮ್ಮ ಮನೆಯವರೇ ಮಲಗುವುದು.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಅದನ್ನು ತಳ್ಳಿಹಾಕಬೇಡಿ. ಪಿಲ್ಲರ್ ಮನೆಯಲ್ಲಿ ಸಾಮಾನ್ಯವಾಗಿ ಮೂಲೆಯಲ್ಲಿ ಪಿಲ್ಲರ್ ಇರುತ್ತದೆ. ಎರಡು ಕಡೆಯ ಬೀಮ್ ಬಂದು ಕೂಡುವುದು ಅಲ್ಲೇ. ಮೂಲೆ ಎಂದರೆ ಕೋಣೆಯಲ್ಲೇ ಗಟ್ಟಿಯಾದ ಜಾಗ. ನಿಮ್ಮ ಈಶಾನ್ಯದಲ್ಲಿ ಪಿಲ್ಲರ್ ಇದ್ದರೆ ಭಾರದ ಮಟ್ಟಿಗೆ ಅಮ್ಮ ಹೇಳುವ ಜಾಗವೇ ಚೆನ್ನಾಗಿದೆ. ತೊಂದರೆ ಬೇರೆ ಎರಡು. ಬಾತ್‌ರೂಮ್ ಪಶ್ಚಿಮಕ್ಕೆ ಇದೆ, ಪೈಪ್ ಕೋಣೆ ದಾಟಿ ಬರಬೇಕು. ಪೂರ್ವಕ್ಕೆ ಕಿಟಕಿ ಇದ್ದರೆ ಬೆಳಗಿನ ಬಿಸಿಲು ನೇರ ಟ್ಯಾಂಕಿಗೆ ಬಿದ್ದು ಪಾಚಿ ಹಿಡಿಯುತ್ತದೆ. ಬಿಸಿಲಿಗೆ ದಪ್ಪ ಪರದೆ ಸಾಕು. ಪೈಪನ್ನು ಉತ್ತರದ ಗೋಡೆಗುಂಟ, ಸ್ಕರ್ಟಿಂಗ್ ಮೇಲೆ ಕ್ಲ್ಯಾಂಪ್ ಹಾಕಿ ಇಳಿಜಾರಾಗಿ ಒಯ್ಯಬಹುದು. ಎರಡೂ ಬಗೆಹರಿಯುವಂಥವು. ಉತ್ತರದ ಗೋಡೆ ಕೆಳಗೆ ಬೀಮ್ ಇದ್ದರೆ ನಾನೂ ಅಲ್ಲೇ ಇಡುತ್ತಿದ್ದೆ.

ಬೇರೆ ಊರಿನ, ಬೇರೆ ಥರದ ಮನೆಯವರಿಗೂ ಒಂದೆರಡು ಮಾತು ಹೇಳಿಬಿಡುತ್ತೇನೆ. ನೆಲಮಹಡಿ ಆದರೆ ಚಿಂತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಕಡೆ ಪೋರ್ಟಿಕೋ ಅಥವಾ ಹಾಲ್ ಕೆಳಗೆ ನೀರಿನ ಸಂಪ್ ಇರುತ್ತದೆ. ಸಂಪಿನ ಮುಚ್ಚಳದ ಸ್ಲ್ಯಾಬ್ ಮೇಲೆ ಯಾವ ಕಾರಣಕ್ಕೂ ಟ್ಯಾಂಕ್ ಇಡಬೇಡಿ. ಹೊಸ ಮನೆಯಲ್ಲಿ ಪಾಯದ ನಡುವೆ ತುಂಬಿದ ಮಣ್ಣು ಇನ್ನೂ ಕೂತಿರುವುದಿಲ್ಲ, ಒಂದೆರಡು ಮಳೆಗಾಲ ಕಳೆಯಲಿ. ಗದಗ, ಧಾರವಾಡ, ವಿಜಯಪುರದ ಎರೆಮಣ್ಣಿನಲ್ಲಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಟ್ಯಾಂಕಿಗೇ ಬೇರೆ ಪಾಯ ಬೇಕು. ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿದ ಹಳೇ ಮದ್ರಾಸ್ ತಾರಸಿ ಮನೆಯ ಮಹಡಿ, ಮರದ ತೊಲೆಯ ಅಟ್ಟ, ಹೊರಚಾಚಿದ ಬಾಲ್ಕನಿ, ಈ ಮೂರರ ಮೇಲೂ ದೊಡ್ಡ ಟ್ಯಾಂಕ್ ಬೇಡವೇ ಬೇಡ.

ನಿಮ್ಮ ಅಳತೆಯಲ್ಲಿ ಒಂದು ಬದಲಾವಣೆ ಕೇಳಿಕೊಳ್ಳುತ್ತೇನೆ. ಎತ್ತರ ಎರಡೂವರೆ ಬೇಡ, ಎರಡು ಅಡಿಗೆ ಇಳಿಸಿ. ಉದ್ದ ಅಗಲ ಹಾಗೇ ಇರಲಿ. ಕಾರಣ ಹೇಳುತ್ತೇನೆ. ಗಾಜಿನ ಮೇಲೆ ನೀರು ಹಾಕುವ ಒತ್ತು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಎರಡಡಿ ಆಳದ ನೀರು ಆರಡಿ ಉದ್ದದ ಮುಂದಿನ ಗಾಜನ್ನು ಒಟ್ಟು 340 ಕೆಜಿ ಬಲದಲ್ಲಿ ತಳ್ಳುತ್ತದೆ. ಎರಡೂವರೆ ಅಡಿಗೆ ಅದು 530 ಕೆಜಿ. ಎತ್ತರ ಕಾಲುಭಾಗ ಹೆಚ್ಚಿತು, ಬಲ ಅರ್ಧಕ್ಕಿಂತ ಜಾಸ್ತಿ ಹೆಚ್ಚಿತು. ಎರಡಡಿ ಎತ್ತರಕ್ಕಾದರೆ, ಮೇಲಂಚಿನ ಸುತ್ತಲೂ ಪಟ್ಟಿ ಕೊಟ್ಟ 12 ಮಿಮೀ ಗಾಜು ನಡೆಯುತ್ತದೆ, ಒಟ್ಟು ಭಾರ 1,080 ಕೆಜಿಗೆ ಇಳಿಯುತ್ತದೆ. ಇನ್ನೊಂದು ಕಾರಣ ನಿಮ್ಮ ತೋಳು. ಕಂಕುಳವರೆಗೆ ಮುಳುಗಿಸಿದರೂ ನಮ್ಮ ಕೈ ಎರಡಡಿಗಿಂತ ಕೆಳಗೆ ಸಲೀಸಾಗಿ ಹೋಗುವುದಿಲ್ಲ. ಎರಡೂವರೆ ಅಡಿ ಟ್ಯಾಂಕಿನ ತಳದಲ್ಲಿ ಒಂದು ಗಿಡ ನೆಡಲು ಸ್ಟೂಲ್ ಹತ್ತಿ ಬಗ್ಗಬೇಕು. ಮೀನುಗಳಿಗೂ ಎತ್ತರಕ್ಕಿಂತ ಉದ್ದ ಅಗಲವೇ ಬೇಕಾದದ್ದು.

ಜಾಗ ಗೊತ್ತಾಯಿತು ಎನ್ನಿ. ಈಗ ನೆಲದ ಮೇಲೆ ಮಂಡಿಯೂರಿ ಕೂತುಕೊಳ್ಳಿ. ಸ್ಟ್ಯಾಂಡ್ ಕೂರುವ ಜಾಗವನ್ನು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗುರುತು ಮಾಡಿ. ಒಳಗಿನ ಒಂದೊಂದು ಟೈಲನ್ನೂ ಒಂದು ನಾಣ್ಯದಿಂದ ಕುಟ್ಟುತ್ತಾ ಹೋಗಿ. ನಡುವೆ, ನಾಲ್ಕೂ ಮೂಲೆಗೆ. ಕೆಳಗೆ ಗಾರೆ ತುಂಬಿದ್ದರೆ ಟಣ್ ಅಂತ ಗಟ್ಟಿ ಸದ್ದು. ಟೊಳ್ಳಿದ್ದರೆ ಡಬ್ ಎಂದು ಸತ್ತ ಸದ್ದು, ತೆಂಗಿನಕಾಯಿ ಕುಟ್ಟಿ ನೋಡಿದ ಹಾಗೆ ತಕ್ಷಣ ಕಿವಿಗೆ ಗೊತ್ತಾಗುತ್ತದೆ. ವಿಟ್ರಿಫೈಡ್ ಟೈಲ್ಸ್ ಹಾಕುವಾಗ ಕೆಲವರು ನಡುವೆ ಒಂದು ಮುದ್ದೆ, ಮೂಲೆಗಳಿಗೆ ನಾಲ್ಕು ಮುದ್ದೆ ಗಾರೆ ಇಟ್ಟು ಒತ್ತಿ ಬಿಡುತ್ತಾರೆ. ಮಂಚ ಕುರ್ಚಿಗೆ ಅದು ನಡೆಯುತ್ತದೆ. ಸ್ಟ್ಯಾಂಡಿನ ಒಂದು ಕಾಲು ಆ ಟೊಳ್ಳಿನ ಮೇಲೆ ಕೂತರೆ ಟೈಲ್ ಒಡೆಯುತ್ತದೆ, ಸ್ಟ್ಯಾಂಡ್ ಎರಡು ಮಿಲಿಮೀಟರ್ ವಾಲುತ್ತದೆ, ಗಾಜಿನ ಮೂಲೆಗೆ ತಿರುಚು ಬೀಳುತ್ತದೆ. ಡಬ್ ಎಂದ ಟೈಲ್ಸ್ ತೆಗೆಸಿ, ಪೂರ್ತಿ ಗಾರೆ ತುಂಬಿಸಿ ಮತ್ತೆ ಹಾಕಿಸಿ. ಒಂದು ದಿನದ ಕೆಲಸ.

ಆಮೇಲೆ ಮಟ್ಟ ನೋಡಿ. ಗಾರೆಯವರ ಉದ್ದದ ಮಟ್ಟಗೋಲಿನ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಅಳೆಯಿರಿ. ನೆಲ ತೊಳೆದ ನೀರು ಹರಿಯಲಿ ಎಂದು ನಮ್ಮ ಮನೆಗಳಲ್ಲಿ ಕೋಣೆಗಳಿಗೂ ಬಾಗಿಲ ಕಡೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಆರಡಿಯಲ್ಲಿ ಮೂರು ಮಿಲಿಮೀಟರ್ ಒಳಗಿದ್ದರೆ ಹೆದರಬೇಕಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಸ್ಟ್ಯಾಂಡಿನ ಕೆಳಗೆ ಉಕ್ಕಿನ ಪಟ್ಟಿ ಕೊಟ್ಟು ಸರಿಮಾಡಬೇಕು. ಗಾಜಿನ ಕೆಳಗೆ ರಟ್ಟು ತುರುಕಿ ಮಟ್ಟ ಮಾಡುವುದನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಒಂದೇ ಕಡೆ ಇಳಿಜಾರಿಗಿಂತ ಕೆಟ್ಟದ್ದು ತಿರುಚು. ಎದುರುಬದುರು ಮೂಲೆ ಎತ್ತರ, ಉಳಿದೆರಡು ತಗ್ಗು ಇದ್ದರೆ ಗಾಜು ಹೊಂದಿಕೊಳ್ಳುವುದಿಲ್ಲ, ಒಡೆಯುತ್ತದೆ.

ಸ್ಟ್ಯಾಂಡಿಗೆ ನಾಲ್ಕೇ ಕಾಲು ಬೇಡ. ಎರಡಿಂಚು ಚೌಕದ ಕಬ್ಬಿಣದ ಪೈಪಿನಲ್ಲಿ, ತಳದಲ್ಲೂ ಸುತ್ತ ಚೌಕಟ್ಟು ಬರುವಂತೆ ವೆಲ್ಡ್ ಮಾಡಿಸಿ. ಆಗ ಭಾರ ಪೂರ್ತಿ ಉದ್ದಕ್ಕೆ ಹಂಚಿಹೋಗುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಮೇಲೆ ಹಾಸಲು ಐಎಸ್ 710 ಮುದ್ರೆಯ ಮೆರೈನ್ ಪ್ಲೈವುಡ್ಡೇ ಆಗಬೇಕು, ಮಾಮೂಲಿ ಪ್ಲೈವುಡ್ ವರ್ಷದೊಳಗೆ ನೀರು ಕುಡಿದು ಉಬ್ಬುತ್ತದೆ. ಅದರ ಮೇಲೆ ಥರ್ಮಾಕೋಲ್ ಅಥವಾ ಫೋಮ್ ಹಾಳೆ, ಅದರ ಮೇಲೆ ಟ್ಯಾಂಕ್.

ಇನ್ನು ಎರಡನೇ ದಾರಿ, ನೀರಿನದು. ನನ್ನ ಅನುಭವದಲ್ಲಿ ದೊಡ್ಡ ಟ್ಯಾಂಕ್‌ಗಳು ಹಾಳಾಗುವುದು ಗಾಜು ಒಡೆದು ಅಲ್ಲ, ಬಕೆಟ್ ಹೊತ್ತು ಸುಸ್ತಾಗಿ. ಲೆಕ್ಕ ನೋಡಿ. ಎರಡಡಿ ಎತ್ತರಕ್ಕೆ ಇಳಿಸಿದರೂ ನಿಮ್ಮ ಟ್ಯಾಂಕಿನಲ್ಲಿ 560 ಲೀಟರ್ ನೀರಿರುತ್ತದೆ. ವಾರಕ್ಕೆ ಕಾಲುಭಾಗ ಬದಲಿಸಬೇಕು ಎಂದರೆ 140 ಲೀಟರ್. ತುಳುಕದ ಹಾಗೆ ಹಿಡಿದರೆ ಬಕೆಟ್‌ಗೆ 14 ಲೀಟರ್. ಹತ್ತು ಬಕೆಟ್ ಹೊರಗೆ, ಹತ್ತು ಬಕೆಟ್ ಒಳಗೆ. ಮೊದಲ ತಿಂಗಳು ಉತ್ಸಾಹ ಇರುತ್ತದೆ. ಮೂರನೇ ತಿಂಗಳಿಗೆ ವಾರ ಹದಿನೈದು ದಿನವಾಗುತ್ತದೆ, ಆಮೇಲೆ ತಿಂಗಳು. ನೀರಿನಲ್ಲಿ ಮೀನಿನ ಕೊಳೆಯಿಂದ ಹುಟ್ಟುವ ನೈಟ್ರೇಟ್ ಏರುತ್ತದೆ, ಗಾಜಿಗೆ ಪಾಚಿ, ಮೀನಿಗೆ ಕಾಯಿಲೆ. ಕೊನೆಗೆ ಒಂದು ದಿನ ಟ್ಯಾಂಕ್ ಮಾರಾಟಕ್ಕೆ ಬರುತ್ತದೆ. ಇದು ಸೋಮಾರಿತನ ಅಲ್ಲ, ಸೊಂಟನೋವು. ಇದಕ್ಕೆ ಔಷಧ ಕೋಣೆಯಲ್ಲೇ ಒಂದು ನಲ್ಲಿ ಮತ್ತು ಒಂದು ಡ್ರೈನ್.

ಬಾತ್‌ರೂಮ್ ಗೋಡೆಯಲ್ಲಿ ಎರಡು ತೂತು ಬೇಕು. ಒಂದು ಮೇಲೆ, ಅರ್ಧ ಇಂಚು ಸಿಪಿವಿಸಿ ನೀರಿನ ಲೈನಿಗೆ. ಇನ್ನೊಂದು ಕೆಳಗೆ, ಒಂದೂವರೆ ಇಂಚು ಪಿವಿಸಿ ಡ್ರೈನಿಗೆ, ಅಡಿಗೆ ಕಾಲು ಇಂಚು ಇಳಿಜಾರಿನಲ್ಲಿ. ತೂತನ್ನು ಸುತ್ತಿಗೆ ಉಳಿಯಲ್ಲಿ ಒಡೆಸಬೇಡಿ, ಕೋರ್ ಕಟಿಂಗ್ ಮಷಿನ್‌ನಲ್ಲಿ ಕೊರೆಸಿ. ಪಿಲ್ಲರಿಗೆ, ಬೀಮಿಗೆ ಯಂತ್ರ ಮುಟ್ಟಿಸಲೇಬಾರದು. ಬಾತ್‌ರೂಮ್ ಕಡೆ ಪೈಪ್ ಎಲ್ಲಿ ಹೋಗುತ್ತದೆ, ವಾಟರ್‌ಪ್ರೂಫಿಂಗ್ ಎಷ್ಟು ಎತ್ತರಕ್ಕೆ ಬಂದಿದೆ ಎಂದು ಮೊದಲು ನೋಡಿಕೊಳ್ಳಿ. ಡ್ರೈನ್ ನೀರನ್ನು ಹಾಗೇ ಕೆಳಗಿನ ತೋಟಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಸಿಹಿನೀರಿನ ಟ್ಯಾಂಕಿನ ಹಳೇ ನೀರಿನಷ್ಟು ಒಳ್ಳೆ ಗೊಬ್ಬರ ನೀರು ಬೇರೆ ಇಲ್ಲ. ನಮ್ಮ ಮನೆಯ ಕರಿಬೇವು ಅದರಲ್ಲೇ ಬೆಳೆದದ್ದು.

ಮೈಸೂರಿಗೆ ಬರುವುದು ಕಾವೇರಿ, ಕಬಿನಿ ನೀರು. ಮೀನಿಗೆ ಚೆನ್ನಾಗಿ ಒಗ್ಗುತ್ತದೆ, ಕ್ಲೋರಿನ್ ಒಂದು ಬಿಟ್ಟು. ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ, ಫಿಲ್ಟರಿನ ಒಳ್ಳೇ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸೋಡಿಯಂ ಥಯೋಸಲ್ಫೇಟ್ ಇರುವ ಔಷಧ ಹಾಕಿಯೇ ನೀರು ಬಿಡಿ. ಬೋರ್‌ವೆಲ್ ನೀರು ಸೇರುತ್ತಿದ್ದರೆ ಅದರ ಗಡಸುತನ ಅಳೆಸಿ, ಅದಕ್ಕೆ ಒಗ್ಗುವ ಮೀನನ್ನೇ ಆರಿಸಿ. ಮೀನು ಆರಿಸಿ ಆಮೇಲೆ ನೀರು ಬದಲಿಸಲು ಹೊರಡುವುದು ಮುಗಿಯದ ಕಷ್ಟ.

ನೀರು ಹೊರಬಂದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಈಗಲೇ ನಿರ್ಧರಿಸಬೇಕು. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಬಹಳ ವರ್ಷಗಳ ಹಿಂದೆ ಹಾಸನದ ಒಂದು ಮನೆಯ ಮಹಡಿಯಲ್ಲಿ ಇದೇ 6×2 ಅಡಿಯ ಟ್ಯಾಂಕ್ ಕೂರಿಸಿದ್ದೆ. ಕೆಳಗೆ ಫಿಲ್ಟರ್ ಸಂಪ್, ಅದರಿಂದ ಪಂಪ್ ನೀರನ್ನು ಮೇಲಕ್ಕೆ ಕಳಿಸುತ್ತಿತ್ತು. ಆ ಪೈಪಿನ ಬಾಯಿ ನೀರಿನೊಳಗೆ ನಾಲ್ಕು ಇಂಚು ಇಳಿದಿತ್ತು. ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತಿತು. ನಿಂತ ಪೈಪು ತಿರುಗಿ ನೀರು ಎಳೆಯಲು ಶುರು ಮಾಡಿತು, ಪೆಟ್ರೋಲ್ ಕ್ಯಾನಿಗೆ ನಳಿಗೆ ಹಾಕಿ ಎಳೆದ ಹಾಗೆ. ಈ ಅಳತೆಯ ಟ್ಯಾಂಕಿನಲ್ಲಿ ನೀರು ಒಂದು ಇಂಚು ಇಳಿದರೆ 28 ಲೀಟರ್. ನಾಲ್ಕು ಇಂಚಿಗೆ 110 ಲೀಟರ್ ದಾಟಿತು. ಸಂಪಿನಲ್ಲಿ ಖಾಲಿ ಇದ್ದದ್ದು 40 ಲೀಟರ್ ಜಾಗ. ಉಳಿದ 70 ಲೀಟರ್ ನೆಲಕ್ಕೆ ಬಂದು, ವೈರಿಂಗ್ ಪೈಪ್ ಹುಡುಕಿಕೊಂಡು ಇಳಿದು, ಕೆಳಗಿನ ಮನೆಯ ಫ್ಯಾನಿನ ಬುಡದಿಂದ ತೊಟ್ಟಿಕ್ಕಿತು. ಫ್ಯಾನ್ ಕೆಳಗೆ ಒಬ್ಬ ಅಜ್ಜಿ ಮಲಗಿದ್ದರು. ಕರೆಂಟ್ ಇರಲಿಲ್ಲ, ಅದೇ ಅವರನ್ನು ಉಳಿಸಿತು. ಆ ಬೆಳಗ್ಗೆ ಆ ಮನೆಯಲ್ಲಿ ನಿಂತಿದ್ದ ನನ್ನ ಅವಸ್ಥೆ ಇವತ್ತಿಗೂ ಮರೆತಿಲ್ಲ.

ಆವತ್ತಿನಿಂದ ಮೂರು ಕೆಲಸ ಬಿಡುವುದಿಲ್ಲ. ಸಂಪಿನಿಂದ ನೀರು ಮೇಲಕ್ಕೆ ತರುವ ವಾಪಸ್ ಪೈಪಿನಲ್ಲಿ ಟ್ಯಾಂಕಿನ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಒಂದು ಸಣ್ಣ ತೂತು, ಗಾಳಿ ಸೇರಿ ಎಳೆತ ನಿಲ್ಲಲು. ಆ ತೂತಿಗೆ ಪಾಚಿ ಕಟ್ಟದ ಹಾಗೆ ತಿಂಗಳಿಗೊಮ್ಮೆ ಕಡ್ಡಿ ಆಡಿಸಬೇಕು. ಎರಡನೆಯದು, ಪಂಪ್ ನಿಲ್ಲಿಸಿ, ಇಳಿಯುವ ನೀರೆಲ್ಲ ಸಂಪಿಗೆ ಬಂದ ಮೇಲೂ ಎರಡು ಇಂಚು ಖಾಲಿ ಉಳಿಯಬೇಕು. ಆ ಲೆಕ್ಕ ಹಿಡಿದು ಪಂಪ್ ಓಡುವಾಗಿನ ಮಟ್ಟಕ್ಕೆ ಸಂಪಿನ ಮೇಲೆ ಕೆಂಪು ಗೆರೆ ಎಳೆಯುತ್ತೇನೆ, ಆ ಗೆರೆ ಮೀರಿ ತುಂಬಬಾರದು. ಮೂರನೆಯದು ಕೋಣೆಯದು. ಬಾಗಿಲಿಗೆ ಒಂದು ಇಂಚು ಎತ್ತರದ ಗ್ರಾನೈಟ್ ಹೊಸ್ತಿಲು, ಗೋಡೆಗೆ ನಾಲ್ಕು ಇಂಚು ಸ್ಕರ್ಟಿಂಗ್, ಸ್ಕರ್ಟಿಂಗ್ ನೆಲ ಕೂಡುವ ಸಂದಿಗೆ ಎಪಾಕ್ಸಿ ಗ್ರೌಟ್, ನೆಲದಲ್ಲಿರುವ ವೈರಿಂಗ್ ಪೈಪಿನ ಬಾಯಿಗೆಲ್ಲ ಸೀಲ್. ಬಾತ್‌ರೂಮ್ ಕಡೆ ನೆಲ ತಗ್ಗಿದ್ದರೆ ಗೋಡೆಯ ಬುಡದಲ್ಲಿ ಚೆಲ್ಲಿದ ನೀರು ಹೋಗಲು ಒಂದು ಜಾಲರಿ ತೂತು ಕೊಡಿ. ಮರದ ಲ್ಯಾಮಿನೇಟ್ ನೆಲ ಈ ಕೋಣೆಗೆ ಬೇಡ, ಒಮ್ಮೆ ನೆನೆದರೆ ಅದು ಮುಗಿಯಿತು.

ಕರೆಂಟಿನ ಕೆಲಸ ಗೋಡೆಗೆ ಬಣ್ಣ ಬಳಿಯುವ ಮುಂಚೆ ಮುಗಿಯಲಿ. ಮೀಟರ್ ಬೋರ್ಡಿನಿಂದ ಟ್ಯಾಂಕಿಗೇ ಒಂದು ಬೇರೆ ಲೈನ್, ಅದಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್. ನೀರು ಕೈ ಕರೆಂಟ್ ಮೂರೂ ಕೂಡುವ ಜಾಗದಲ್ಲಿ ನಿಮ್ಮ ಪ್ರಾಣ ಕಾಯುವುದು ಆ ಪುಟ್ಟ ಡಬ್ಬಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ, ಟಪ್ ಎಂದು ಬೀಳಬೇಕು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಪ್ಲಗ್ ಪಾಯಿಂಟ್‌ಗಳು ಟ್ಯಾಂಕಿನ ಹಿಂದೆ ಬೇಡ, ಪಕ್ಕಕ್ಕೆ ಒಂದಡಿ ದೂರದಲ್ಲಿ, ಸಂಪಿಗಿಂತ ಮೇಲೆ ಇರಲಿ. ಆರೆಂಟು ಪಾಯಿಂಟ್ ಬೇಕಾಗುತ್ತದೆ. ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋಲಿಯ ಹಾಗೆ ಇಳಿದು ಮೇಲೇರಲಿ. ವೈರ್ ಹಿಡಿದು ಹರಿದುಬಂದ ಹನಿ ಆ ಜೋಲಿಯ ತಳದಲ್ಲೇ ಉದುರುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

ಇನ್ವರ್ಟರ್ ಇದ್ದರೆ ಪಂಪ್ ಮತ್ತು ಏರ್ ಪಂಪ್ ಮಾತ್ರ ಅದಕ್ಕೆ ಕೊಡಿ. ಲೈಟ್, ಹೀಟರ್ ಬೇಡ. ನೀರು ಹರಿಯದೆ ನಿಂತರೆ ಫಿಲ್ಟರಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯಲು ಕೆಲವು ಗಂಟೆ ಸಾಕು. ಮೈಸೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕೇ ಬೇಕು, ಆದರೆ 560 ಲೀಟರ್ ನೀರು ಒಂದೆರಡು ಗಂಟೆಯಲ್ಲಿ ತಣ್ಣಗಾಗುವುದಿಲ್ಲ.

ಗಾಳಿಯ ವಿಷಯ ಬಹಳ ಜನ ಯೋಚಿಸುವುದೇ ಇಲ್ಲ. ಇಷ್ಟು ದೊಡ್ಡ ನೀರಿನ ಮೈಯಿಂದ ದಿನಕ್ಕೆ ಮೂರ್ನಾಲ್ಕು ಲೀಟರ್ ನೀರು ಆವಿಯಾಗಿ ಕೋಣೆಯಲ್ಲೇ ಸೇರುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಮಡಿಕೇರಿ, ಮಂಗಳೂರಿನವರಿಗಂತೂ ಇನ್ನೂ ಬೇಗ. ಟ್ಯಾಂಕಿಗೆ ಗಾಜಿನ ಮುಚ್ಚಳ, ಕಿಟಕಿಗೆ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್. ಹಿಂದಿನ ಗೋಡೆಗೂ ಟ್ಯಾಂಕಿಗೂ ನಾಲ್ಕರಿಂದ ಆರು ಇಂಚು ಬಿಡಿ, ಗಾಳಿಯಾಡಲು ಮತ್ತು ನಿಮ್ಮ ಕೈ ಹೋಗಲು. ಆ ಕೋಣೆಯಲ್ಲಿ ಸೊಳ್ಳೆಗೆ ದ್ರವದ ಮಷಿನ್, ಜಿರಳೆ ಸ್ಪ್ರೇ ಬಳಸಬೇಡಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುವುದು, ಆ ಔಷಧಗಳು ಮೀನಿಗೆ ವಿಷ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ. ಗೋಡೆಗೆ ಬಣ್ಣ, ಬಾಗಿಲಿಗೆ ಪಾಲಿಶ್ ಇದ್ದರೆ ಟ್ಯಾಂಕ್ ಬರುವ ಎರಡು ವಾರ ಮುಂಚೆ ಮುಗಿಸಿ ಕಿಟಕಿ ತೆರೆದಿಡಿ.

ಕೊನೆಗೆ ಮೆಟ್ಟಿಲು. ಟ್ಯಾಂಕ್ ಬಾಗಿಲಲ್ಲಿ ಹಿಡಿಯುತ್ತದೆ ಎಂದು ನೋಡಿರುತ್ತೀರಿ, ಮೆಟ್ಟಿಲಿನ ತಿರುವಿನಲ್ಲಿ ಹಿಡಿಯುತ್ತದೆಯೇ? ಬಿದಿರು ಗಳದಲ್ಲಿ 6×2×2 ಅಡಿಯ ಒಂದು ಚೌಕಟ್ಟು ಕಟ್ಟಿ ಇಬ್ಬರು ಹಿಡಿದು ಕೋಣೆವರೆಗೆ ಒಯ್ದು ನೋಡಿ. ತಿರುವಿನಲ್ಲಿ ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಬೇಕಾಗಿ ಬಂದರೆ 120 ಕೆಜಿ ಗಾಜನ್ನೂ ಹಾಗೆ ನಿಲ್ಲಿಸಬೇಕಾಗುತ್ತದೆ, ಅದು ಬೇಡ. ಆಗ ಹಲಗೆಗಳನ್ನು ಬಿಡಿಯಾಗಿ ತಂದು ಕೋಣೆಯಲ್ಲೇ ಅಂಟಿಸಿಸಿ. ನನಗಂತೂ ಇದೇ ಇಷ್ಟ. ಎರಡು ದಿನ ಮುಂಚೆ ಕೋಣೆ ಒರೆಸಿ, ಫ್ಯಾನ್ ನಿಲ್ಲಿಸಿ, ಧೂಳು ಕೂರಲು ಬಿಡಿ. ಶಿಲೀಂಧ್ರನಾಶಕ ಬೆರೆಸದ ಶುದ್ಧ ಸಿಲಿಕೋನ್ ಬಳಸಿದ್ದಾರೆಯೇ ಎಂದು ಟ್ಯೂಬ್ ಓದಿ ನೋಡಿ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆ ಎಂದರೆ ಒಂದು ವಾರ, ನೀರು ಮುಟ್ಟಿಸಬೇಡಿ. ತಳದ ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಆಮೇಲೆ ತೂತು ಕೊರೆಯಲು ಆಗುವುದಿಲ್ಲ, ಕೊರೆದರೆ ಪುಡಿ ಪುಡಿ. ಪೈಪ್ ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಾದ ಮೇಲೆಯೇ ಆರ್ಡರ್ ಕೊಡಿ ಎಂದದ್ದು ಇದಕ್ಕೇ.

ನೀರನ್ನು ಒಂದೇ ಸಲ ತುಂಬಬೇಡಿ. ಮರಳು, ಕಲ್ಲು ಹಾಕದೆ ಬರೀ ನೀರು, ಮೊದಲ ದಿನ ಮೂರನೇ ಒಂದು ಭಾಗ. ರಸಮಟ್ಟ ಇಟ್ಟು ನೋಡಿ. ನೀರಿನ ಅಂಚಿನಿಂದ ಗಾಜಿನ ಮೇಲಂಚಿಗೆ ನಾಲ್ಕೂ ಮೂಲೆಯಲ್ಲಿ ಟೇಪ್ ಹಿಡಿದು ಅಳತೆ ಬರೆದಿಡಿ. ಮರುದಿನ ಇನ್ನೊಂದು ಭಾಗ, ಮತ್ತೆ ಅಳತೆ. ಮೂರನೇ ದಿನ ಪೂರ್ತಿ. ಕೆಳಗಿನ ಕೋಣೆಯ ಚಾವಣಿಯನ್ನು ಟಾರ್ಚ್ ಹಿಡಿದು ನೋಡಿ, ಕೂದಲೆಳೆಯಷ್ಟು ಹೊಸ ಬಿರುಕು ಕಂಡರೂ ನೀರು ಇಳಿಸಿ ಎಂಜಿನಿಯರಿಗೆ ಫೋನ್ ಮಾಡಿ. ರಾತ್ರಿ ಮಲಗುವ ಮುಂಚೆ ಸ್ಟ್ಯಾಂಡಿನ ಸುತ್ತ, ಅಡಿಯಲ್ಲಿ ಹಳೇ ದಿನಪತ್ರಿಕೆ ಹಾಸಿ. ನೆಲದ ಮೇಲೆ ಒಂದು ಹನಿ ಬಿದ್ದರೆ ಆರಿಹೋಗುತ್ತದೆ, ಪತ್ರಿಕೆಯ ಮೇಲೆ ಬಿದ್ದರೆ ದುಂಡನೆ ಕಲೆ ಉಳಿಯುತ್ತದೆ. ಹೀಗೆ ಎರಡು ರಾತ್ರಿ. ಮೂರನೇ ಬೆಳಗ್ಗೆಯೂ ಪತ್ರಿಕೆ ಗರಿಗರಿಯಾಗಿದ್ದರೆ ನೀರು ಅರ್ಧಕ್ಕೆ ಇಳಿಸಿ, ಮರಳು ತೊಳೆಯಲು ಶುರು ಮಾಡಿ.